ಹಣೆಬರಹ ಅಳಿಸುವವರು

ಕಳೆದ ವರ್ಷ ಯುಗಾದಿಯ ಆಸುಪಾಸಿನಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಿರುಬಿಸಿಲಿನ ಕಾಲದಲ್ಲೂ ತುಂಬುತೋಳಿನ ಅಂಗಿ ತೊಟ್ಟಿದ್ದ. ಕಾಫಿ ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡ. ನಮ್ಮ ಕಡೆಯ ಹುಡುಗರು ಮೇಷ್ಟ್ರ ಮನೆಯಲ್ಲಿ ಎಡಗೈ ಚಾಚುವವರಲ್ಲ. "ಬಲಗೈಗೆ ಏನಾಯಿತಪ್ಪ?" ಎಂದೆ. ಸ್ವಲ್ಪ ಹೊತ್ತು ನೆಲ ನೋಡಿ, ಆಮೇಲೆ ತೋಳು ಮಡಿಸಿ ತೋರಿಸಿದ. ಮುಂಗೈಯ ಮೇಲೆ 'ಅವ್ವ' ಎಂಬ ಹಚ್ಚೆ. ಅದರ ಮೇಲೆ ಅಂಗೈಯಗಲ ಸುಟ್ಟ ಗಾಯ.

ಹಚ್ಚೆ ಹಾಕಿಸಿಕೊಂಡದ್ದು ಊರ ಜಾತ್ರೆಯಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ. ಈಗ ಅವನಿಗೆ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆ ಸೇರುವ ಹಂಬಲ. ಅಲ್ಲಿಯ ವೈದ್ಯಕೀಯ ನಿಯಮದಲ್ಲಿ ಹಚ್ಚೆಗೇ ಒಂದು ಪ್ರತ್ಯೇಕ ಕಲಮು ಇದೆ. ದೇವರ ಚಿಹ್ನೆಯಾಗಲಿ ಹೆಸರಾಗಲಿ ಇರಬಹುದು. ಆದರೆ ಮುಂಗೈಯ ಒಳಭಾಗದಲ್ಲಿ ಇರುವುದಾದರೆ ಎಡಗೈಯಲ್ಲಿ ಮಾತ್ರ ಇರಬೇಕು. ಬಲಗೈ ಸಲಾಮು ಹೊಡೆಯುವ ಕೈ. ಅಂದರೆ ತಾಯಿಯ ಹೆಸರು ತಪ್ಪಲ್ಲ, ಅದು ಇದ್ದ ಕೈ ತಪ್ಪು. ಊರಿನಲ್ಲಿ ಯಾರೋ ಬಲ್ಲವರು ಸುಣ್ಣಕ್ಕೆ ಬಟ್ಟೆಸೋಡ ಕಲಸಿ ರಾತ್ರಿಯೆಲ್ಲ ಕಟ್ಟಿಕೋ ಎಂದರಂತೆ. ಕಟ್ಟಿಕೊಂಡ. ಬೆಳಗಾಗುವ ಹೊತ್ತಿಗೆ ಚರ್ಮ ಹೋಗಿತ್ತು, ಅಕ್ಷರ ಹೋಗಿರಲಿಲ್ಲ.

"ಸರ್, ಲೇಸರ್ ಅಂತಾರಲ್ಲ, ಅದರಲ್ಲಿ ಹೋಗುತ್ತಾ? ಎಷ್ಟು ದಿನ ಹಿಡಿಯುತ್ತೆ?"

ಅಕ್ಷರ ಕಲಿಸುವುದು ನನ್ನ ವೃತ್ತಿ, ಅಳಿಸುವುದಲ್ಲ. ಆದರೂ ಜಿಲ್ಲಾ ಕೇಂದ್ರದ ಚರ್ಮವೈದ್ಯರೊಬ್ಬರ ಬಳಿಗೆ ಅವನ ಜೊತೆ ಹೋದೆ. ಅವರು ಹೇಳಿದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ, ಆ ಸುಣ್ಣದ ಮದ್ದಿನ ಜಾಡು ಹಿಡಿದು ಹೊರಟ ನಾನು ಎಲ್ಲಿಗೆ ಹೋಗಿ ಮುಟ್ಟಿದೆ ಎಂಬುದನ್ನು ಹೇಳಬೇಕು.

ಹಚ್ಚೆ ಎಂದರೆ ನಮಗೆ ಅಜ್ಜಿಯ ಗಲ್ಲದ ಹಸಿರು ಚುಕ್ಕೆ, ಕೊರವಂಜಿಯ ಸೂಜಿ, ತೋಳಿನ ಮೇಲಿನ ಸಾಲುಚುಕ್ಕೆ. ಒಡವೆ ಸತ್ತಾಗ ಇಲ್ಲೇ ಉಳಿಯುತ್ತದೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂದು ಮುದುಕಿಯರು ನಂಬಿದ್ದರು. ಅಂಥ ವಸ್ತುವನ್ನು ಅಳಿಸುವ ಯೋಚನೆ ಅವರಿಗೆ ಬಂದಿರಲಾರದು. ಆದರೆ ಗ್ರೀಕರಲ್ಲಿ ವಿಷಯವೇ ಬೇರೆ. ಅವರ ನೆರೆಯ ಥ್ರೇಸಿಯನ್ನರು ಹಚ್ಚೆಯನ್ನು ಕುಲೀನರ ಗುರುತೆಂದು ಎಣಿಸುತ್ತಿದ್ದರೆಂದು ಹೆರೊಡೋಟಸ್ ಬರೆದಿದ್ದಾನೆ. ಗ್ರೀಕರೋ ಅದನ್ನು ಓಡಿಹೋಗಿ ಸಿಕ್ಕಿಬಿದ್ದ ಗುಲಾಮರಿಗೂ ಅಪರಾಧಿಗಳಿಗೂ ಮೀಸಲಿಟ್ಟರು. ಹಣೆಯ ಮೇಲೇ ಚುಚ್ಚಿದರು. ಅದಕ್ಕೆ ಅವರಿಟ್ಟ ಹೆಸರು 'ಸ್ಟಿಗ್ಮ'. ಇಂಗ್ಲಿಷಿನಲ್ಲಿ ಇಂದು ಕಳಂಕ ಎಂಬರ್ಥಕ್ಕೆ ಬಳಸುವ ಮಾತು ಇದೇ. ನಾವು ಹಣೆಬರಹ ಎನ್ನುವುದು ಉಪಮಾನವಾಗಿ. ಆ ಗುಲಾಮರಿಗೆ ಅದು ಅಕ್ಷರಶಃ ಇತ್ತು.

ಬರೆದದ್ದುಂಟಾದ ಮೇಲೆ ಅಳಿಸುವ ಆಸೆಯೂ ಉಂಟಷ್ಟೆ. ಗ್ರೀಸಿನ ಎಪಿಡಾರಸ್ ಎಂಬಲ್ಲಿ ವೈದ್ಯದೇವತೆ ಆಸ್ಕ್ಲೀಪಿಯಸ್ಸಿನ ಕ್ಷೇತ್ರವಿತ್ತು. ರೋಗಿಗಳು ಅಲ್ಲಿ ರಾತ್ರಿ ಮಲಗುವರು. ದೇವರು ಕನಸಿನಲ್ಲಿ ಬಂದು ಚಿಕಿತ್ಸೆ ಮಾಡುವನು. ಹಾಗೆ ಗುಣವಾದವರ ಕಥೆಗಳನ್ನು ಕ್ರಿ.ಪೂ. 4ನೆಯ ಶತಮಾನದಲ್ಲಿ ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾರೆ. ಅವುಗಳಲ್ಲಿ ಒಂದು ಥೆಸಲಿಯ ಪಂಡಾರಸ್ ಎಂಬವನದು. ಅವನ ಹಣೆಯ ಮೇಲೆ ಹಚ್ಚೆಯಿತ್ತು. ಕನಸಿನಲ್ಲಿ ದೇವರು ಹಣೆಗೆ ಬಟ್ಟೆ ಸುತ್ತಿ, ಹೊರಗೆ ಹೋದ ಮೇಲೆ ಇದನ್ನು ಬಿಚ್ಚಿ ಗುಡಿಗೆ ಒಪ್ಪಿಸು ಎಂದ. ಬೆಳಗಾಗಿ ಬಿಚ್ಚಿ ನೋಡಿದರೆ ಹಣೆ ಶುಭ್ರ. ಅಕ್ಷರಗಳೆಲ್ಲ ಬಟ್ಟೆಯ ಮೇಲೆ ಮೂಡಿದ್ದವು.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಪಂಡಾರಸ್ ಊರಿಗೆ ಹೋದ ಮೇಲೆ ಕಾಣಿಕೆಯ ಹಣವನ್ನು ಎಖೆಡೋರಸ್ ಎಂಬವನ ಕೈಲಿ ಕಳಿಸಿದ. ಅವನ ಹಣೆಯ ಮೇಲೂ ಹಚ್ಚೆಯಿತ್ತು. ತಾನೂ ಗುಣವಾಗಬೇಕೆಂದು ಹೊರಟಿದ್ದ. ಹಣವನ್ನು ಸದ್ದಿಲ್ಲದೆ ಜೇಬಿಗಿಳಿಸಿದ. ರಾತ್ರಿ ದೇವರು ಬಂದು, ಪಂಡಾರಸ್ ಏನಾದರೂ ಕೊಟ್ಟನೇ ಎಂದು ಕೇಳಿದರೆ ಇಲ್ಲವೆಂದ. ತನ್ನನ್ನು ಗುಣಮಾಡಿದರೆ ಒಂದು ಚಿತ್ರ ಬರೆಸಿ ಅರ್ಪಿಸುವೆನೆಂದೂ ಆಸೆ ತೋರಿಸಿದ. ದೇವರು ಪಂಡಾರಸ್ಸಿನ ಆ ಹಳೆಯ ಬಟ್ಟೆಯನ್ನೇ ಅವನ ಹಣೆಗೆ ಸುತ್ತಿದ. ಬೆಳಿಗ್ಗೆ ನೀರಿನಲ್ಲಿ ಮುಖ ನೋಡಿಕೊಂಡರೆ ತನ್ನ ಹಚ್ಚೆಯ ಜೊತೆಗೆ ಪಂಡಾರಸ್ಸಿನದೂ ಸೇರಿಕೊಂಡಿತ್ತು! ನಮ್ಮ ಸ್ಥಳಪುರಾಣಗಳಲ್ಲಿ ಸುಳ್ಳಾಡಿದವರಿಗೆ ಒದಗುವ ಗತಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ರೋಮಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ಹಣವಂತರಾದವರು ಅನೇಕರಿದ್ದರು. ಅವರಿಗೆ ಬೇಕಾದದ್ದು ಗುಣವಾಗುವುದಲ್ಲ, ಮರೆಯಾಗುವುದು. ಹಣೆಯ ತುಂಬ ಪಟ್ಟಿ ಅಂಟಿಸಿಕೊಂಡು ನಾಟಕಶಾಲೆಯ ಮುಂದಿನ ಸಾಲಿನಲ್ಲಿ ಬಂದು ಕೂರುವ ಅಂಥವನೊಬ್ಬನನ್ನು ಕವಿ ಮಾರ್ಷಿಯಲ್ ಗೇಲಿ ಮಾಡಿದ್ದಾನೆ. ಗುಲಾಮರ ಹಣೆಯ ಗುರುತು ತೆಗೆಯುವ ವೈದ್ಯನೊಬ್ಬನ ಹೆಸರನ್ನೂ ಅವನೇ ಹೇಳುತ್ತಾನೆ. ಆದರೆ ಚಿಕಿತ್ಸೆಯ ವಿಧಾನವನ್ನು ಸಾದ್ಯಂತವಾಗಿ ಬರೆದಿಟ್ಟವನು ಕ್ರಿ.ಶ. 6ನೆಯ ಶತಮಾನದ ಏಟಿಯಸ್. ಅವನ ಊರು ಅಮಿದ, ಇಂದಿನ ತುರ್ಕಿಯ ದಿಯಾರ್‌ಬಕಿರ್. ಮೊದಲು ಗುರುತಿನ ಮೇಲೆ ಮರದ ಅಂಟು ಸವರಿ ಐದು ದಿನ ಕಟ್ಟಬೇಕು. ಆರನೆಯ ದಿನ ಸೂಜಿಯಿಂದ ಚುಚ್ಚಿ, ರಕ್ತ ಒರೆಸಿ, ಉಪ್ಪು ಹಾಕಬೇಕು. ಆಮೇಲೆ ಮದ್ದು ಹಚ್ಚಬೇಕು. ಇಪ್ಪತ್ತು ದಿನಕ್ಕೆ ಗುರುತು ಹೋಗುತ್ತದೆ, ದೊಡ್ಡ ಹುಣ್ಣಾಗುವುದಿಲ್ಲ, ಕಲೆ ಉಳಿಯುವುದಿಲ್ಲ ಎಂದು ಭರವಸೆಯನ್ನೂ ಕೊಟ್ಟಿದ್ದಾನೆ. ಅವನು ಹೇಳುವ ಎರಡು ಮದ್ದುಗಳಲ್ಲಿ ಒಂದರ ಮೂಲವಸ್ತುಗಳು ಏನು ಬಲ್ಲಿರಾ? ಸುಣ್ಣ ಮತ್ತು ಸೋಡ; ಜೊತೆಗೆ ಸ್ವಲ್ಪ ಜಿಪ್ಸಮ್.

ಅಮಿದದ ಮದ್ದು ನಮ್ಮ ಹುಡುಗನ ಹಳ್ಳಿಗೆ ನಡೆದು ಬಂತೆಂದು ನಾನು ವಾದಿಸುವುದಿಲ್ಲ. ಚರ್ಮವನ್ನು ತಿನ್ನುವ ವಸ್ತು ಎಲ್ಲ ಊರಿನಲ್ಲೂ ಕೈಗೆ ಸಿಗುವಂಥದೇ. ಆದರೆ ಒಂದು ಮಾತು ನಿಜ. ಸೂಜಿ ಇಳಿಸುವ ಮಸಿ ಚರ್ಮದ ಮೇಲ್ಪದರವನ್ನು ದಾಟಿ ಒಳಪದರದಲ್ಲಿ ನಿಲ್ಲುತ್ತದೆ. ಮೇಲ್ಪದರ ಉದುರಿ ಹೊಸದಾಗುತ್ತಲೇ ಇರುತ್ತದೆ, ಒಳಪದರ ಹಾಗಲ್ಲ. ಆದ್ದರಿಂದ ಸುಣ್ಣವಾಗಲಿ, ಉಪ್ಪಿನಿಂದ ಉಜ್ಜುವುದಾಗಲಿ, 1888ರಲ್ಲಿ ಫ್ರಾನ್ಸಿನ ವೈದ್ಯ ವಾರಿಯೋ ಹೇಳಿದ ಟ್ಯಾನಿನ್ ಮತ್ತು ಸಿಲ್ವರ್ ನೈಟ್ರೇಟಿನ ಕ್ರಮವಾಗಲಿ, ಎಲ್ಲದರ ತತ್ತ್ವವೂ ಒಂದೇ: ಅಕ್ಷರ ಹೋಗಲೆಂದು ಕಾಗದವನ್ನೇ ಕೆರೆಯುವುದು.

ನಮ್ಮ ದೇಶದಲ್ಲೂ ಸರ್ಕಾರ ಹಣೆಯ ಮೇಲೆ ಬರೆದದ್ದುಂಟು. ಬಂಗಾಳ ಪ್ರಾಂತ್ಯದಲ್ಲಿ ಈಸ್ಟ್ ಇಂಡಿಯಾ ಕಂಪನಿ 1797ರ ಕಾನೂನಿನ ಮೂಲಕ ಆಜೀವ ಶಿಕ್ಷೆಯ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ದೇಶಭಾಷೆಯಲ್ಲಿ ಚುಚ್ಚಿಸತೊಡಗಿತು. ಅದನ್ನು ಕರೆದದ್ದು 'ಗೋದ್ನಾ' ಎಂದು. ಉತ್ತರದ ಹೆಂಗಸರು ಚಂದಕ್ಕೆ ಹಾಕಿಸಿಕೊಳ್ಳುತ್ತಿದ್ದ ಹಚ್ಚೆಯ ಹೆಸರೂ ಅದೇ. ಕೈದಿಗಳು ಮುಂಡಾಸನ್ನು ಹುಬ್ಬಿನವರೆಗೆ ಇಳಿಸಿ ಕಟ್ಟಿಕೊಳ್ಳುತ್ತಿದ್ದರು. 1849ರಲ್ಲಿ ಆ ಶಿಕ್ಷೆ ರದ್ದಾಯಿತು. ಕಾನೂನು ಹೋಯಿತು; ಆಗಲೇ ಬರೆಸಿಕೊಂಡವರ ಹಣೆಯಿಂದ ಅದು ಹೋಗಲು ಬರುವುದೆಂತು? ಅಂದು ಸರ್ಕಾರ ಬರೆದದ್ದು, ಜನ ಮುಚ್ಚಿಕೊಂಡರು. ಇಂದು ಜನ ಬರೆಸಿಕೊಂಡಿದ್ದಾರೆ, ಸರ್ಕಾರ ಅಳಿಸಿ ಬಾ ಎನ್ನುತ್ತದೆ.

ಆಷ್‌ವಿಟ್ಸ್ ಶಿಬಿರದಲ್ಲಿ ಕೈದಿಗಳ ತೋಳಿನ ಮೇಲೆ ಅಂಕಿ ಚುಚ್ಚಿದ್ದನ್ನು ಎಲ್ಲರೂ ಬಲ್ಲರು. ಬದುಕಿ ಬಂದವರಲ್ಲಿ ಕೆಲವರು ಅದನ್ನು ತೆಗೆಸಿಹಾಕಿದರು. ಹಲವರು ಬೇಕೆಂದೇ ಉಳಿಸಿಕೊಂಡರು. ಎರಡೂ ಸರಿಯೇ ಎಂದು ನನಗೆ ತೋರುತ್ತದೆ.

ಇನ್ನು ಲೇಸರ್. 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದ. ಆ ದಶಕದಲ್ಲೇ ಸಿನ್ಸಿನಾಟಿಯ ಚರ್ಮವೈದ್ಯ ಲಿಯೋನ್ ಗೋಲ್ಡ್‌ಮನ್ ಅದನ್ನು ಹಚ್ಚೆಯ ಮೇಲೆ ಬಿಟ್ಟು ಪರೀಕ್ಷಿಸಿದ. ಆದರೆ ಮಸಿಯನ್ನು ಒಡೆದು ಚರ್ಮವನ್ನು ಉಳಿಸುವುದು ಹೇಗೆಂಬ ಲೆಕ್ಕ ಖಚಿತವಾದದ್ದು 1983ರಲ್ಲಿ, ಆಂಡರ್ಸನ್ ಮತ್ತು ಪ್ಯಾರಿಷ್ ಎಂಬಿಬ್ಬರು ಪ್ರಕಟಿಸಿದ ಲೇಖನದಿಂದ. ಅದನ್ನು ಅಡಿಗೆಮನೆಯ ಭಾಷೆಯಲ್ಲಿ ಹೇಳಬಹುದು. ಸಣ್ಣ ಉರಿಯಲ್ಲಿಟ್ಟ ಸಾಸುವೆ ಬಾಣಲೆಯಲ್ಲಿ ಕರಿಕಾಗುತ್ತದೆ, ಸಿಡಿಯುವುದಿಲ್ಲ. ಚೆನ್ನಾಗಿ ಕಾದ ಎಣ್ಣೆಗೆ ಬಿದ್ದರೆ ಚಟ್ಟೆಂದು ಒಡೆಯುತ್ತದೆ. ಶಾಖ ಹೊರಕ್ಕೆ ಹರಡಲು ಅವಕಾಶವಿಲ್ಲದಷ್ಟು ಬೇಗ ಒಳಕ್ಕೆ ನುಗ್ಗಬೇಕು. ಲೇಸರ್ ಮಿಡಿತದ ಅವಧಿ ಒಂದು ಸೆಕೆಂಡಿನ 100 ಕೋಟಿಯ ಕೆಲವು ಭಾಗ ಮಾತ್ರ. ಈಚಿನ ಪೈಕೋಸೆಕೆಂಡ್ ಯಂತ್ರಗಳಲ್ಲಿ ಅದಕ್ಕಿಂತಲೂ ಕಿರಿದು. ಅಷ್ಟರಲ್ಲಿ ಮಸಿಯ ಕಣ ಬಿಸಿಯೇರಿ ಒಡೆಯುತ್ತದೆ. ಪಕ್ಕದ ಚರ್ಮಕ್ಕೆ ಸುದ್ದಿ ಮುಟ್ಟುವ ಮೊದಲೇ ಎಲ್ಲ ಮುಗಿದಿರುತ್ತದೆ.

ಇಲ್ಲಿ ನಾವು ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಕಿರಣ ಹಚ್ಚೆಯನ್ನು ಅಳಿಸುವುದಿಲ್ಲ, ಪುಡಿಮಾಡುತ್ತದೆ ಅಷ್ಟೆ. ಅಳಿಸುವುದು ದೇಹ. ಹಚ್ಚೆ ಹೊಯ್ದಾಗ ಚರ್ಮದ ಕಾವಲುಕೋಶಗಳು ಮಸಿಯನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರವು. ಒಂದು ಕೋಶ ಸತ್ತರೆ ಅದು ಬಿಟ್ಟ ಮಸಿಯನ್ನು ಇನ್ನೊಂದು ನುಂಗಿ ಅಲ್ಲೇ ಕೂರುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಹಚ್ಚೆ ಸ್ಥಿರವಾಗಿ ಕಾಣುವುದು ಹೀಗೆ; ಅದು ಕಲ್ಲಿನ ಬರಹವಲ್ಲ, ಕೈಯಿಂದ ಕೈಗೆ ದಾಟುವ ಬುತ್ತಿ. ಪುಡಿಯಾದ ಮಸಿಯನ್ನು ಅದೇ ಕೋಶಗಳೂ ದುಗ್ಧರಸದ ನಾಳಗಳೂ ಸ್ವಲ್ಪಸ್ವಲ್ಪವಾಗಿ ಸಾಗಿಸುತ್ತವೆ. ಅವಕ್ಕೆ ಅವಸರವಿಲ್ಲ. ಅದಕ್ಕೇ ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಆರರಿಂದ ಎಂಟು ವಾರ ಬಿಡುವುದು.

ಜಿಲ್ಲಾ ಕೇಂದ್ರದ ವೈದ್ಯರು ನಮಗೆ ಹೇಳಿದ್ದೂ ಇದನ್ನೇ. ಹುಡುಗನ ಅದೃಷ್ಟಕ್ಕೆ ಮಸಿ ಬರಿಯ ಕಪ್ಪು. ಕಪ್ಪು ಬೇಗ ಒಡೆಯುತ್ತದೆ. ಹಳದಿ ಹಟಮಾರಿ. ಬಿಳಿ ಅಥವಾ ಮೈಬಣ್ಣದ ಮಸಿಯಂತೂ ಕೆಲವೊಮ್ಮೆ ಕಿರಣ ತಾಗಿದೊಡನೆ ಕಪ್ಪಾಗಿಬಿಡುತ್ತದೆ. ನಮ್ಮಂಥ ಕಂದುಮೈಯವರಿಗೆ ಇನ್ನೊಂದು ಎಚ್ಚರ ಬೇಕು: ಮೈಬಣ್ಣವೂ ಬೆಳಕನ್ನು ಹೀರುವುದರಿಂದ ಆ ಜಾಗ ಬಿಳಿಚಿಕೊಳ್ಳಬಹುದು, ಇಲ್ಲವೆ ಕಪ್ಪಿಡಬಹುದು. ಅದಕ್ಕಾಗಿ ಆಳಕ್ಕಿಳಿಯುವ 1064 ನ್ಯಾನೋಮೀಟರಿನ ಕಿರಣವನ್ನು ಆರಿಸುತ್ತಾರೆ. ಎಂಟು ಹತ್ತು ಸರದಿ ಬೇಕಾದೀತು; ಅಂದರೆ ವರ್ಷದ ಮೇಲಿನ ಮಾತು. ಕೊನೆಗೂ ಒಂದು ನೆರಳು ಉಳಿದರೆ ಆಶ್ಚರ್ಯಪಡಬಾರದು. "ಮಸಿ ಹೋದೀತು. ಸುಣ್ಣ ಮಾಡಿದ ಕಲೆ ಹೋಗುವುದಿಲ್ಲ, ಮಸಿ ಹೋಗುವುದನ್ನೂ ಅದು ತಡೆಯುತ್ತದೆ. ಮೊದಲು ಈ ಗಾಯ ಮಾಯಲಿ," ಎಂದರು. ಒಂದು ಸರದಿಗೆ ಅವರು ಹೇಳಿದ ಹಣ ಹಾಲಿನ ಡೈರಿಯಿಂದ ಅವನ ಮನೆಗೆ ತಿಂಗಳಿಗೆ ಬರುವುದಕ್ಕಿಂತ ಹೆಚ್ಚು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹೋಮ್‌ಬಾಯ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಪುಂಡರ ಗುಂಪು ಬಿಟ್ಟು ಬಂದವರ ಹಚ್ಚೆಯನ್ನು ಉಚಿತವಾಗಿ ತೆಗೆಸಿಕೊಡುತ್ತದೆ. ಜಾತ್ರೆಯಲ್ಲಿ ತಾಯಿಯ ಹೆಸರು ಬರೆಸಿಕೊಂಡವನಿಗೆ ಅಂಥ ಸೌಕರ್ಯ ಎಲ್ಲಿಂದ ಬರಬೇಕು?

ಮೂರು ತಿಂಗಳು ಕಾದು ಮೊದಲ ಸರದಿ ಮಾಡಿಸಿದೆವು. ಕಣ್ಣಿಗೆ ಗಾಜು ಕಟ್ಟಿ, ಯಂತ್ರದ ಹಿಡಿಯನ್ನು ಕೈಗೆ ಹಿಡಿದರು. ಪಟಪಟನೆ ಸದ್ದು. ಒಗ್ಗರಣೆ ಸಿಡಿದಂತೆ ಉರಿಯಿತು ಎಂದು ಹುಡುಗ ಆಮೇಲೆ ಹೇಳಿದ. ಅಕ್ಷರಗಳು ಒಡನೆಯೇ ಬೆಳ್ಳಗೆ ಉಬ್ಬಿದವು. ಹೋಗೇಬಿಟ್ಟಿತು ಎಂದು ಅವನ ಮುಖ ಅರಳಿತು. ಅದು ಚರ್ಮದೊಳಗೆ ಎದ್ದ ಗುಳ್ಳೆ; ಅರ್ಧಗಂಟೆಯಲ್ಲಿ ಇಳಿದು ಕಪ್ಪು ಮತ್ತೆ ಕಂಡಿತು. ಮಾರನೆಯ ದಿನ ಬೊಬ್ಬೆ. ಒಡೆಯಬಾರದು, ಹಕ್ಕಳೆ ಕೀಳಬಾರದು, ಬಿಸಿಲಿಗೆ ಒಡ್ಡಬಾರದು ಎಂದು ಕಟ್ಟಪ್ಪಣೆ. ಹೊಲದ ಕೆಲಸ ಮಾಡುವ ಮನೆಯಲ್ಲಿ ಕೊನೆಯದು ಎಷ್ಟು ನಡೆದೀತೋ ನೀವೇ ಊಹಿಸಿ.

ಈ ಯುಗಾದಿಯ ವೇಳೆಗೆ ಐದು ಸರದಿ ಮುಗಿದಿದೆ. 'ವ್ವ' ಬೂದಿಬಣ್ಣಕ್ಕೆ ತಿರುಗಿದೆ, ದೂರದಿಂದ ಕಾಣುವುದಿಲ್ಲ. ಸುಣ್ಣ ಹೆಚ್ಚು ಸುಟ್ಟ ಕಡೆ ಇದ್ದ 'ಅ' ಇನ್ನೂ ಗಟ್ಟಿಯಾಗಿ ಕೂತಿದೆ. ಆ ವರ್ಷದ ಭರ್ತಿ ಕಳೆದುಹೋಯಿತು. ವಯಸ್ಸಿನ ಮಿತಿಗೆ ಇನ್ನೂ ಕಾಲವಿದೆ.

ಹಬ್ಬದ ಮರುದಿನ ತಾಯಿಯನ್ನೂ ಕರೆದುಕೊಂಡು ಮನೆಗೆ ಬಂದಿದ್ದ. ಆಕೆಯ ಎರಡು ತೋಳಿನ ತುಂಬ ಹಸಿರು ಚುಕ್ಕೆಗಳ ಸಾಲು. ಮಗ ನಮ್ಮ ಹುಡುಗರೊಂದಿಗೆ ಹಿತ್ತಲ ಕಡೆಗೆ ಹೋದಾಗ ಮೆಲ್ಲಗೆ ಕೇಳಿದರು:

"ಸ್ವಾಮಿ, ಎಡಗೈಗೆ ಹುಯ್ಸಿಕೊಂಡಿದ್ರೆ ಇರ್ತಿತ್ತಂತಲ್ಲ?"

"ಇರುತ್ತಿತ್ತು ತಾಯಿ."

"ಅದ ಮುಂಚೇನೆ ಹೇಳಬಾರದಾ ಸರ್ಕಾರದೋರು," ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡು, "ಕೆಲಸ ಒಂದು ಸಿಗಲಿ. ಆಮ್ಯಾಲೆ ಜಾತ್ರೆಗೆ ನಾನೇ ಕರಕೊಂಡು ಹೋಯ್ತೀನಿ," ಎಂದರು.