ಅಪರಾಧಸ್ಥಳ ಪರೀಕ್ಷಾವಿಧಿಯ ಚರಿತ್ರೆ

ಅಪರಾಧವು ನಡೆದ ಸ್ಥಳದಲ್ಲಿ ದೊರೆತ ವಸ್ತುವು ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿ ನಿಲ್ಲಬೇಕಾದರೆ ಎರಡು ಸಂಗತಿಗಳು ಸಿದ್ಧಪಡಬೇಕು. ಆ ವಸ್ತುವು ಏನನ್ನು ತಿಳಿಸುತ್ತದೆಂಬುದು ಮೊದಲನೆಯದು. ಅದು ನಿಜವಾಗಿ ಆ ಸ್ಥಳದಲ್ಲಿದ್ದುದೇ, ನಡುವೆ ಯಾರ ಕೈಯಿಂದಲೂ ವಿಕಾರ ಹೊಂದದೆ ಬಂದುದೇ ಎಂಬುದು ಎರಡನೆಯದು. ಮೊದಲನೆಯದು ಶಾಸ್ತ್ರಜ್ಞಾನಕ್ಕೆ ಸೇರಿದುದು. ಎರಡನೆಯದು ವಿಧಿಪಾಲನೆಗೆ ಸೇರಿದುದು. ಶಾಸ್ತ್ರವು ಎಷ್ಟು ಮುಂದುವರಿದಿದ್ದರೂ ವಿಧಿಯು ಸಡಿಲವಾದಲ್ಲಿ ನಿರಪರಾಧಿಗೆ ದಂಡನೆಯೂ ಅಪರಾಧಿಗೆ ಬಿಡುಗಡೆಯೂ ಒದಗಬಹುದು. ಆದುದರಿಂದ ಈ ವಿಧಿಯು ಬೆಳೆದು ಬಂದ ಕ್ರಮವು ವಿಚಾರಾರ್ಹವಾಗಿದೆ.

ಸ್ಥಳಪರೀಕ್ಷೆಯು ಭರತಖಂಡಕ್ಕೆ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣವು ಇದಕ್ಕೆ ಪ್ರಮಾಣವಾಗಿದೆ. ಹಠಾತ್ತಾಗಿ ಸತ್ತವನ ಶವಕ್ಕೆ ಎಣ್ಣೆಯನ್ನು ಸವರಿ ಪರೀಕ್ಷಿಸಬೇಕೆಂದೂ, ಉಸಿರು ಕಟ್ಟಿ ಸತ್ತವನ, ವಿಷದಿಂದ ಸತ್ತವನ ದೇಹಲಕ್ಷಣಗಳು ಇಂತಿಂತಹವೆಂದೂ ಅಲ್ಲಿ ಹೇಳಿದೆ. ಕನ್ನ ಬಿದ್ದ ಮನೆಯಲ್ಲಿ ಒಡೆತದ ಗುರುತುಗಳನ್ನು ನೋಡಿ, ಕಳವು ಒಳಗಿನವರ ಕೃತ್ಯವೋ ಹೊರಗಿನವರದೋ ಎಂದು ನಿರ್ಣಯಿಸುವ ಬಗೆಯೂ ಉಕ್ತವಾಗಿದೆ. ಅವಲೋಕನದ ಸೂಕ್ಷ್ಮತೆಯಲ್ಲಿ ಇವು ಪ್ರಶಂಸನೀಯವಾದುವು. ಆದರೆ ಈ ವಿಧಾನಗಳಲ್ಲಿ ಪರೀಕ್ಷಕನ ಕಣ್ಣೇ ಪ್ರಧಾನ. ಪರೀಕ್ಷಕನನ್ನೇ ಪರೀಕ್ಷೆಗೆ ಒಳಪಡಿಸುವ ಭಾವನೆಯು ಪ್ರಬಲವಾದುದು ಬಹುಕಾಲದ ಮೇಲೆ.

ಅರ್ವಾಚೀನ ಕಾಲದಲ್ಲಿ ಬೆರಳಚ್ಚಿನ ವಿದ್ಯೆಯು ಬಂಗಾಳದಲ್ಲಿ ಬೇರೂರಿತು. 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ಒಂದು ಕರಾರುಪತ್ರದ ಮೇಲೆ ಗುತ್ತಿಗೆದಾರನ ಅಂಗೈಯ ಗುರುತನ್ನು ಒತ್ತಿಸಿದನು. ಬಂಗಾಳದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಹೆನ್ರಿಯು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀಯ ಅಧಿಕಾರಿಗಳ ನೆರವಿನಿಂದ ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ಸಿದ್ಧಪಡಿಸಿದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು. ಈ ವಿದ್ಯೆಯ ಬಲವನ್ನೂ ಮಿತಿಯನ್ನೂ ಏಕಕಾಲದಲ್ಲಿ ತೋರಿಸಿದ ಪ್ರಕರಣವು ಆ ವರ್ಷವೇ ಒದಗಿತು.

ಜಲ್ಪಾಯಿಗುರಿ ಜಿಲ್ಲೆಯಲ್ಲಿ ಒಂದು ಚಹಾ ತೋಟದ ವ್ಯವಸ್ಥಾಪಕನು ಕತ್ತು ಕೊಯ್ದ ಸ್ಥಿತಿಯಲ್ಲಿ ಸತ್ತುಬಿದ್ದಿದ್ದನು. ಅವನ ಕಾಗದಪತ್ರಗಳ ಪೆಟ್ಟಿಗೆಯು ಸೂರೆಯಾಗಿತ್ತು. ಪೆಟ್ಟಿಗೆಯಲ್ಲಿ ಉಳಿದಿದ್ದ ಬಂಗಾಳಿ ಪಂಚಾಂಗವೊಂದರ ತಿಳಿನೀಲಿ ಹೊದಿಕೆಯ ಮೇಲೆ ಎರಡು ಮಾಸಲು ಕಂದು ಕಲೆಗಳಿದ್ದುವು. ಅವು ರಕ್ತದ ಕಲೆಗಳೆಂದು ಸರ್ಕಾರದ ರಸಾಯನ ಪರೀಕ್ಷಕನು ನಿರ್ಣಯಿಸಿದನು. ಅವುಗಳಲ್ಲಿ ಒಂದು, ಹಿಂದೆ ಕಳವಿಗಾಗಿ ಶಿಕ್ಷೆ ಹೊಂದಿದ್ದ ಕಾಂಗಾಲಿ ಚರಣನೆಂಬ ಮಾಜಿ ಸೇವಕನ ಬಲಗೈ ಹೆಬ್ಬೆರಳಿನ ಗುರುತಿಗೆ ಸರಿಹೊಂದಿತು. 1898ರಲ್ಲಿ ವಿಚಾರಣೆ ನಡೆಯಿತು. ನ್ಯಾಯಸ್ಥಾನವು ಅವನನ್ನು ಕಳವಿಗಾಗಿ ದಂಡಿಸಿ, ಕೊಲೆಯ ಆರೋಪದಿಂದ ಮುಕ್ತಗೊಳಿಸಿತು. ಆ ಕೈ ಪಂಚಾಂಗವನ್ನು ಮುಟ್ಟಿತ್ತೆಂಬಷ್ಟನ್ನು ಗುರುತು ಹೇಳಬಲ್ಲುದು. ಆ ಕೈಯೇ ಕತ್ತಿಯನ್ನು ಹಿಡಿದಿತ್ತೆಂಬುದನ್ನು ಹೇಳಲಾರದು. ಈ ವಿವೇಚನೆಯು ಅಂದಿನ ತೀರ್ಪಿನ ಹೆಚ್ಚಳ. ಮರುವರ್ಷ, 1899ರಲ್ಲಿ, ಸಾಕ್ಷ್ಯದ ಕಾಯಿದೆಗೆ ತಿದ್ದುಪಡಿಯಾಗಿ ಬೆರಳಚ್ಚಿನ ವಿಷಯದಲ್ಲಿ ತಜ್ಞರ ಅಭಿಪ್ರಾಯಕ್ಕೆ ಮಾನ್ಯತೆ ದೊರೆಯಿತು.

ಸ್ಥಳದಲ್ಲಿ ನಡೆದುಕೊಳ್ಳಬೇಕಾದ ನಿಯಮಗಳನ್ನು ಶಾಸ್ತ್ರರೂಪಕ್ಕೆ ತಂದವನು ಆಸ್ಟ್ರಿಯಾ ದೇಶದ ನ್ಯಾಯಾಧಿಕಾರಿ ಹಾನ್ಸ್ ಗ್ರೋಸ್. 1893ರಲ್ಲಿ ಪ್ರಕಟವಾದ ಅವನ ಕೈಪಿಡಿಯ ಸಾರವಿಷ್ಟು: ಯಾವ ವಸ್ತುವನ್ನೂ ಅದರ ಸ್ಥಿತಿಯನ್ನು ಸವಿಸ್ತಾರವಾಗಿ ಬರೆದಿಡುವ ಮೊದಲು ಮುಟ್ಟಲಾಗದು, ಕದಲಿಸಲಾಗದು, ಸ್ಥಳದ ನಕ್ಷೆಯನ್ನು ತೆಗೆಯಬೇಕು, ಬೇಕಾದ ಸಾಮಗ್ರಿಗಳ ಚೀಲವು ಅಧಿಕಾರಿಯ ಸಂಗಡ ಸದಾ ಸಿದ್ಧವಿರಬೇಕು. ಮದರಾಸಿನ ನ್ಯಾಯವಾದಿಗಳಾಗಿದ್ದ ಇಬ್ಬರು ಆಡಂ ಮಹಾಶಯರು ಈ ಗ್ರಂಥವನ್ನು ಇಂಗ್ಲಿಷಿಗೆ ಪರಿವರ್ತಿಸಿ 1906ರಲ್ಲಿ ಮದರಾಸಿನಲ್ಲಿಯೇ ಪ್ರಕಟಿಸಿದರು.

ಇಂತಹ ನಿಯಮಗಳ ಅವಶ್ಯಕತೆಯು ಲಂಡನ್ನಿನ ಡೆಪ್ಟ್‌ಫರ್ಡ್ ಪ್ರಕರಣದಲ್ಲಿ ಸ್ಪಷ್ಟವಾಯಿತು. 1905ರ ಮಾರ್ಚಿಯಲ್ಲಿ ಅಲ್ಲಿನ ಒಂದು ಅಂಗಡಿಯಲ್ಲಿ ವೃದ್ಧ ದಂಪತಿಗಳು ಕೊಲೆಯಾದರು. ಬರಿದಾದ ಹಣದ ಪೆಟ್ಟಿಗೆಯಲ್ಲಿ ಒಂದು ಹೆಬ್ಬೆರಳಚ್ಚು ದೊರೆಯಿತು. ಆದರೆ ಆ ಪೆಟ್ಟಿಗೆಯನ್ನು ತಾನು ಬರಿಗೈಯಿಂದ ತಳ್ಳಿದ್ದುದಾಗಿ ಪೊಲೀಸ್ ಸಾರ್ಜೆಂಟನೊಬ್ಬನು ತಿಳಿಸಿದನು. ಆದಕಾರಣ ಮೃತರ ಗುರುತುಗಳೊಡನೆ ಅವನ ಗುರುತನ್ನೂ ಹೋಲಿಸಿ, ಆ ಅಚ್ಚು ಅವರಾರದೂ ಅಲ್ಲವೆಂದು ಮೊದಲು ಸ್ಥಾಪಿಸಬೇಕಾಯಿತು. ಬಳಿಕ ಅದು ಸ್ಟ್ರ್ಯಾಟನ್ ಸಹೋದರರಲ್ಲಿ ಹಿರಿಯವನದೆಂದು ನಿರ್ಣಯವಾಗಿ, ಇಬ್ಬರಿಗೂ ಆ ವರ್ಷದ ಮೇ ತಿಂಗಳಲ್ಲಿ ಮರಣದಂಡನೆಯಾಯಿತು. ಸಾರ್ಜೆಂಟನು ಸುಮ್ಮನಿದ್ದಿದ್ದರೆ ಎರಡು ಪ್ರಾಣಗಳ ಪ್ರಶ್ನೆಯು ಸಂಶಯದಲ್ಲಿಯೇ ತೀರ್ಮಾನವಾಗುತ್ತಿತ್ತು.

ಗ್ರಂಥದಲ್ಲಿದ್ದ ನಿಯಮವು ಕೈಗೆ ಇಳಿಯಲು ಇನ್ನೂ ಕಾಲ ಹಿಡಿಯಿತು. 1924ರಲ್ಲಿ, ಇಂಗ್ಲೆಂಡಿನ ಸಮುದ್ರತೀರದ ಬಂಗಲೆಯೊಂದರಲ್ಲಿ ನಡೆದ ಕೊಲೆಯ ತನಿಖೆಯಲ್ಲಿ, ಪೊಲೀಸರು ಶವದ ಚೂರುಗಳನ್ನು ಬರಿಗೈಗಳಿಂದಲೇ ಎತ್ತುತ್ತಿದ್ದುದನ್ನು ವೈದ್ಯ ಬರ್ನಾರ್ಡ್ ಸ್ಪಿಲ್ಸ್‌ಬರಿಯು ಕಂಡು ಬೆರಗಾದನು. ರಬ್ಬರಿನ ಕೈಗವಸು, ಚಿಮುಟ, ಅಳತೆಪಟ್ಟಿ, ಭೂತಗನ್ನಡಿ, ಮಾದರಿಗಳನ್ನು ತುಂಬುವ ಚೀಲ ಮುಂತಾದುವುಗಳನ್ನು ಒಳಗೊಂಡ ತನಿಖಾ ಪೆಟ್ಟಿಗೆಯು ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಬಳಕೆಗೆ ಬಂದುದು ಆ ಬಳಿಕ. ಗ್ರೋಸನ ಗ್ರಂಥವು ಪ್ರಕಟವಾಗಿ ಆಗಲೇ 31 ವರ್ಷಗಳು ಸಂದಿದ್ದುವು.

ಭಾರತದಲ್ಲಿ 1898ರ ದಂಡಪ್ರಕ್ರಿಯಾ ಸಂಹಿತೆಯು ಈ ಉದ್ದೇಶವನ್ನು ಬೇರೊಂದು ದಾರಿಯಿಂದ ಸಾಧಿಸಲೆಳಸಿತು. ಸ್ಥಳೀಯರಾದ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ಶೋಧನೆ ನಡೆದು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಅವರ ರುಜು ಆಗಬೇಕೆಂದು ಅದು ವಿಧಿಸಿತು. ಕನ್ನಡನಾಡಿನಲ್ಲಿ ಮಹಜರೆಂದೂ, ಅದಕ್ಕೆ ರುಜು ಹಾಕುವವರು ಪಂಚರೆಂದೂ ಜನಜನಿತವಾಗಿರುವುದು ಈ ಏರ್ಪಾಡೇ. ಪೊಲೀಸರ ಮಾತಿಗೆ ಊರಿನವರ ಕಣ್ಣು ಒರೆಗಲ್ಲಾಗಲೆಂಬುದು ಇದರ ತಾತ್ಪರ್ಯ. ಪಂಚರು ಓದದೆ ರುಜು ಹಾಕಿದಲ್ಲಿ ಆ ಒರೆಗಲ್ಲು ನಿಷ್ಪ್ರಯೋಜಕವಾಗುತ್ತದೆ.

ಇಂದಿನ ಪದ್ಧತಿಯು ಈ ಎಲ್ಲ ಎಳೆಗಳನ್ನೂ ಕೂಡಿಸಿಕೊಂಡಿದೆ. ಮೊದಲು ಹೋದವನು ಸ್ಥಳಕ್ಕೆ ಎಲ್ಲೆಕಟ್ಟು ಹಾಕಿ, ಒಳಹೊಕ್ಕವರ ಹೆಸರನ್ನೂ ವೇಳೆಯನ್ನೂ ಬರೆದಿಡುತ್ತಾನೆ. ಅಳತೆಪಟ್ಟಿಯನ್ನಿಟ್ಟು ಛಾಯಾಚಿತ್ರಗಳನ್ನು ತೆಗೆದ ಮೇಲೆಯೇ ವಸ್ತುವನ್ನು ಎತ್ತತಕ್ಕುದು. ರಕ್ತದಿಂದ ತೊಯ್ದ ಬಟ್ಟೆಯನ್ನು ನೆರಳಿನಲ್ಲಿ ಆರಿಸಿ ಕಾಗದದಲ್ಲಿ ಕಟ್ಟುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತೇವವು ನಿಂತು ಕಲೆ ಕೊಳೆಯುತ್ತದೆ. ಕಟ್ಟಿಗೆ ಅರಗಿನ ಮುದ್ರೆ ಬೀಳುತ್ತದೆ. ಅದು ಯಾರ ಕೈಯಿಂದ ಯಾರ ಕೈಗೆ ಯಾವಾಗ ಸೇರಿತೆಂಬುದು ಪ್ರಯೋಗಾಲಯದವರೆಗೂ ದಾಖಲಾಗುತ್ತದೆ. ಒಂದು ಕೊಂಡಿ ಕಳಚಿದರೂ ಸಾಕ್ಷ್ಯವು ಸಂಶಯಗ್ರಸ್ತವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದೂ, ಆ ಕಾರ್ಯದ ವಿಡಿಯೊ ಚಿತ್ರಣವಾಗಬೇಕೆಂದೂ ನಿಯಮಿಸಿದೆ. ಇದನ್ನು ಆಚರಣೆಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯನ್ನು ಕೊಟ್ಟಿದೆ.

ಈ ಚರಿತ್ರೆಯನ್ನು ಸಮಗ್ರವಾಗಿ ಪರ್ಯಾಲೋಚಿಸಿದರೆ, ನಿಯಮಗಳು ತನಿಖೆಗಾರನ ಜಾಣ್ಮೆಗೆ ಅಡ್ಡಿಯಾಗಲು ಹುಟ್ಟಿದುವಲ್ಲವೆಂಬುದು ವಿದಿತವಾಗುತ್ತದೆ. ಅವನ ಕೈಯೂ ಸ್ಥಳದಲ್ಲಿ ಗುರುತನ್ನು ಉಳಿಸುತ್ತದೆಂಬ ಅರಿವಿನಿಂದ ಅವು ಹುಟ್ಟಿದುವು. ಚಿತ್ರಣಯಂತ್ರವು ಪಂಚರಿಗೆ ನೆರವಾಗಬಹುದು. ಡೆಪ್ಟ್‌ಫರ್ಡಿನ ಸಾರ್ಜೆಂಟನಂತೆ ತಾನು ಮುಟ್ಟಿದ್ದೇನೆಂದು ಹೇಳುವ ಪ್ರಾಮಾಣಿಕತೆಯನ್ನು ಮಾತ್ರ ಅಧಿಕಾರಿಯೇ ತರತಕ್ಕುದು.