ತೇರಿನ ಗಾಲಿ, ಕಾರಿನ ಸ್ಟೇರಿಂಗ್

ನಮ್ಮಪ್ಪ ಇಳಕಲ್ಲ ಗ್ರಾನೈಟ್ ಹೇರಿದ ಲಾರಿ ಓಡಿಸುತ್ತಿದ್ದರು. ಅದಕ್ಕೆ ಪವರ್ ಸ್ಟೇರಿಂಗ್ ಇರಲಿಲ್ಲ. ರಾತ್ರಿ ಮನೆಗೆ ಬಂದರೆ ಅವ್ವ ಅವರ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಈ ಶಾಲೆಯಲ್ಲಿ ಕಲಿತು, ಬಿ.ಇ. ಮುಗಿಸಿದ ನಾನು ಈಗ ಬೆಂಗಳೂರಿನಲ್ಲಿ ಕಾರಿನ ಸ್ಟೇರಿಂಗಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಆ ಸ್ಟೇರಿಂಗಿನ ಇತಿಹಾಸವನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಬರೆಯಬೇಕೆನಿಸಿತು.

ಬಾದಾಮಿ ಬನಶಂಕರಿಯ ತೇರು ಎಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅದರ ಗಾಲಿ ತಾನಾಗಿ ಹೊರಳದು. ಅಡಿಯಲ್ಲಿ ಮರದ ತುಂಡು ಕೊಟ್ಟು ದಾರಿಗೆ ತರಬೇಕು. ಮೊದಲ ಕಾರುಗಳಿಗೂ ಇದೇ ತೊಡಕಿತ್ತು. ತಿರುವಿನಲ್ಲಿ ಒಳಗಿನ ಗಾಲಿ ಸಣ್ಣ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಸಾಗಬೇಕು. ನಮ್ಮ ಗಣಿತದ ಗುರುಗಳು ಗೂಟ, ಹಗ್ಗ ಹಿಡಿದು ಶಾಲೆಯ ಮೈದಾನದಲ್ಲಿ ಎಳೆದ ಎರಡು ವೃತ್ತಗಳು ನನಗೆ ಇಂದಿಗೂ ನೆನಪಿವೆ.

ಇದಕ್ಕೆ ಉಪಾಯ ಹುಡುಕಿದವರಲ್ಲಿ ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್‌ಸ್ಪರ್ಗರ್ ಒಬ್ಬರು. ಅಚ್ಚನ್ನು ಇಡಿಯಾಗಿ ತಿರುಗಿಸದೆ, ಮುಂದಿನ ಎರಡೂ ಗಾಲಿಗಳನ್ನು ಬೇರೆ ಬೇರೆ ಕೀಲಿನ ಮೇಲೆ ಹೊರಳಿಸಿದರು. 1818ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ ಆಕರ್‌ಮನ್ ಹೆಸರೇ ಉಳಿಯಿತು. ಆದರೂ 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಕಾರಿಗೆ ಮೂರೇ ಗಾಲಿ! ನಾಲ್ಕು ಗಾಲಿಯ ಗಾಡಿಯನ್ನು ಸರಿಯಾಗಿ ತಿರುಗಿಸುವ ಬಗೆ ಅವರಿಗಿನ್ನೂ ಒಲಿದಿರಲಿಲ್ಲ.

1888ರ ಆಗಸ್ಟ್‌ನಲ್ಲಿ ಅವರ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಮಕ್ಕಳೊಂದಿಗೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿ.ಮೀ. ಕಾರು ಓಡಿಸಿದರು. ಏರಿನಲ್ಲಿ ಮಕ್ಕಳು ತಳ್ಳಿದರು. ಸವೆದ ಬ್ರೇಕಿಗೆ ಚಮ್ಮಾರರಿಂದ ತೊಗಲು ಹಾಕಿಸಿದರು. ಏರು ಹತ್ತಲು ಇನ್ನೊಂದು ಗೇರ್ ಬೇಕೆಂದು ಕಲಿಸಿದ್ದು ಆ ದಾರಿಯೇ. ಕೊನೆಗೆ 1893ರಲ್ಲಿ ಬೆಂಜ್ ನಾಲ್ಕು ಗಾಲಿಯ ಸ್ಟೇರಿಂಗಿಗೂ ಪೇಟೆಂಟ್ ಪಡೆದರು.

ಆಗಿನ ಹಲವು ಕಾರುಗಳನ್ನು ತಿರುಗಿಸಲು ಇದ್ದದ್ದು ಒಂದು ಹಿಡಿಕೆ. ಗಾಲಿ ಕಲ್ಲಿಗೆ ಬಡಿದರೆ ಆ ಪೆಟ್ಟು ನೇರ ಕೈಗೆ ಬರುತ್ತಿತ್ತು. 1894ರ ಪ್ಯಾರಿಸ್–ರೂಆಂ ಸ್ಪರ್ಧೆಗೆ ವಾಶೆರಾನ್ ಚಕ್ರದ ಸ್ಟೇರಿಂಗ್ ಹಾಕಿಕೊಂಡು ಬಂದರು. ಮುಂದೆ ಚಕ್ರದ ಜೊತೆ ಹಲ್ಲುಗಾಲಿ ಸೇರಿ ಪೆಟ್ಟು ಕಡಿಮೆಯಾಯಿತು. ಸೈಕಲ್ಲಿನ ಫೋರ್ಕಿನಂತೆ ಗಾಲಿಯ ಕೀಲನ್ನು ತುಸು ಓರೆ ಮಾಡಿದಾಗ, ತಿರುವು ಮುಗಿದ ಮೇಲೆ ಗಾಲಿ ತಾನೇ ನೇರವಾಗತೊಡಗಿತು. 1926ರಲ್ಲಿ ಫ್ರಾನ್ಸಿಸ್ ಡೇವಿಸ್ ಪವರ್ ಸ್ಟೇರಿಂಗ್ ಮಾಡಿ ತೋರಿಸಿದರು. ಅದು ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ.

ಈಗ ಆ ಬಲವನ್ನು ವಿದ್ಯುತ್ ಮೋಟಾರು ಕೊಡುತ್ತದೆ. ಎಷ್ಟು ಕೊಡಬೇಕೆಂದು ಸಾಫ್ಟ್‌ವೇರ್ ಹೇಳುತ್ತದೆ. ಕಂಪ್ಯೂಟರಿನಲ್ಲಿ ಸರಿ ಬಂದ ಲೆಕ್ಕ ರಸ್ತೆಯಲ್ಲಿ ತಪ್ಪುವುದುಂಟು. ಕಳೆದ ವರ್ಷ ಊರಿಗೆ ಬಂದಾಗ ಅಪ್ಪನ ಕೈಗೆ ನನ್ನ ಕಾರು ಕೊಟ್ಟೆ. ಹುನಗುಂದ ದಾಟುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ, "ಹಗುರ ಐತಿ, ಖರೆ. ಆದ್ರ ರಸ್ತಿ ಕೈಗೆ ಗೊತ್ತಾಗವಲ್ದಲ್ಲೋ ತಮ್ಮಾ" ಎಂದರು.

ಕೈಗೆ ಪೆಟ್ಟು ಬರಬಾರದು, ಆದರೆ ರಸ್ತೆಯ ಸುಳಿವು ಸಿಗಬೇಕು. ಈ ಕೆಲಸದಲ್ಲಿರುವವರು ನೂರು ವರ್ಷಗಳಿಂದ ಹೆಣಗುತ್ತಿರುವುದು ಇದಕ್ಕೇ. ಬೆಂಗಳೂರಿಗೆ ಮರಳಿದವನೇ ಅಪ್ಪನ ಮಾತನ್ನು ನನ್ನ ಪರೀಕ್ಷಾ ಪಟ್ಟಿಯಲ್ಲಿ ಮೊದಲ ಸಾಲಾಗಿ ಬರೆದುಕೊಂಡೆ.