ಹಂದಿಯ ರೆಕ್ಕೆ, ಮೊಲದ ಕೊಂಬು

ಆಗದ ಮಾತನ್ನು ಆಗದೆಂದು ನೇರವಾಗಿ ಹೇಳುವುದು ಇಂಗ್ಲಿಷರಿಗೆ ಅಷ್ಟಾಗಿ ರುಚಿಸದು. ಸಾಲ ಎಂದು ತೀರೀತು ಎಂದು ಕೇಳಿದರೆ, ಹಂದಿಗಳು ಹಾರಿದ ದಿನ ಎಂದಾರು. ನಿರಾಕರಣೆಗೆ ವಾಯಿದೆಯ ವೇಷ. ಈ ನುಡಿಗಟ್ಟು ಹಳೆಯದು. 1616ರ ವಿದಲ್ಸ್ ನಿಘಂಟಿನಲ್ಲಿಯೇ ಹಂದಿಗಳು ಬಾಲ ಮುಂದಾಗಿ ಹಾರುತ್ತವೆ. 1865ರಲ್ಲಿ ಲೂಯಿಸ್ ಕ್ಯಾರೊಲ್ ಬರೆದ ಆಲಿಸಳ ಕಥೆಯಲ್ಲಿಯೂ ಅವುಗಳ ಪ್ರಸ್ತಾಪವುಂಟು.

ನಮ್ಮ ಶಾಸ್ತ್ರಕಾರರು ವಾಯಿದೆ ಕೊಡುವವರಲ್ಲ. ಶಶವಿಷಾಣ, ಗಗನಕುಸುಮ, ವಂಧ್ಯಾಪುತ್ರ ಎಂದು ಒಂದೇ ಏಟಿಗೆ ಮುಗಿಸಿದರು. ಮೊಲವುಂಟು, ಕೊಂಬೂ ಉಂಟು. ಮೊಲದ ಕೊಂಬು ಮಾತ್ರ ಎಂದೆಂದಿಗೂ ಇಲ್ಲ. ಎರಡು ಪದ ಕೂಡಿದ ಮಾತ್ರಕ್ಕೆ ಪದಾರ್ಥ ಹುಟ್ಟದೆಂಬುದು ಅವರ ವಾದ. ಹಳ್ಳಿಯವರ ದಾರಿ ಬೇರೆ. ಅತ್ತೆಗೆ ಮೀಸೆ ಬಂದರೆ ಮಾವ ಎನ್ನಬಹುದೆಂದು ನಗುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ ಎಂಬ ಗಾದೆಯಂತೂ ನನಗೆ ಬಹಳ ಪ್ರಿಯ. ಇಂಗ್ಲಿಷಿನ ಹಂದಿ ಕೇಳಿದವನನ್ನು ಅಣಕಿಸಿದರೆ, ನಮ್ಮ ಎತ್ತು ಅಣಕಿಸುವುದು ನಂಬಿದವನನ್ನು.

ಆದರೆ ಎಂದೆಂದಿಗೂ ಆಗದ್ದು ಬೇರೆ, ಇನ್ನೂ ಆಗದೆ ಉಳಿದದ್ದು ಬೇರೆ. 1909ರ ನವೆಂಬರ್ 4ರಂದು ಮೂರ್-ಬ್ರಾಬಜನ್ ಎಂಬ ಆಂಗ್ಲ ವೈಮಾನಿಕ ಬುಟ್ಟಿಯಲ್ಲಿ ಹಂದಿಮರಿಯೊಂದನ್ನು ಕೂರಿಸಿ ತನ್ನ ವಿಮಾನಕ್ಕೆ ಕಟ್ಟಿ ಹಾರಿಸಿಯೇಬಿಟ್ಟ. ನುಡಿಗಟ್ಟೇನೂ ಸಾಯಲಿಲ್ಲ. ಮೊಲಕ್ಕೆ ಕೊಂಬು ಮೂಡಿಸಲು ಅಂಥ ಉಪಾಯವಿಲ್ಲ.

ಈ ಭೇದ ನನಗೆ ಮನಸ್ಸಿಗೆ ಹತ್ತಿದ್ದು ದಾವಣಗೆರೆ ಸೀಮೆಯ ತಿರುಗಾಟದಲ್ಲಿ. 1997ರಲ್ಲಿ ಈ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಆಡಳಿತ ಒಂದಾಯಿತೇ ಹೊರತು ನೀರು ಒಂದಾಗಲಿಲ್ಲ. ಹೊನ್ನಾಳಿಯವರಿಗೆ ತುಂಗಭದ್ರೆ ಮನೆಯ ಅಂಗಳದ ಹೊಳೆ. ಚನ್ನಗಿರಿಯ ಕಡೆ ಹರಿದ್ರಾ ಹಳ್ಳವನ್ನು ಗುಡ್ಡಗಳ ನಡುವೆ ತಡೆದು ಕಟ್ಟಿದ ಸೂಳೆಕೆರೆ, ಅಂದರೆ ಶಾಂತಿಸಾಗರ, ಶತಮಾನಗಳಿಂದ ಗದ್ದೆ ತೋಟಗಳನ್ನು ಸಾಕಿದೆ. ಜಗಳೂರಿನ ರೈತನಿಗೋ ಹೊಳೆಯ ನೀರೆಂಬುದೇ ಗಗನಕುಸುಮ. ತಗ್ಗಿನ ನದಿ ದಿಬ್ಬದ ಊರಿಗೆ ಹತ್ತೀತೇ ಎಂದು ಕೇಳಿದರೆ, ಶಾಸ್ತ್ರದ ಮೊಲವನ್ನೇ ಮುಂದೆ ನಿಲ್ಲಿಸುತ್ತಿದ್ದರು. ಅದು ಹಂದಿಯ ರೆಕ್ಕೆಯ ಜಾತಿಯ ಪ್ರಶ್ನೆ, ಮೊಲದ ಕೊಂಬಿನದಲ್ಲ. ಯಂತ್ರವೂ ಹಣವೂ ಮನಸ್ಸೂ ಬೇಕಾದದ್ದು. ಈ ಎರಡನ್ನು ಕಲಸಿಬಿಟ್ಟರೆ ಸೋಮಾರಿತನಕ್ಕೂ ತರ್ಕಶಾಸ್ತ್ರದ ಗೌರವ ಬಂದುಬಿಡುತ್ತದೆ.

ತಮಾಷೆಯೆಂದರೆ, ಮೊಲದ ಕೊಂಬಿನ ಮಾತು ಕೇಳಿದ ಅದೇ ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಯಿದೆ. ಗಂಡಿಗೆ ನಾಲ್ಕು ಕೊಂಬು. ಅದಕ್ಕೆಂದೇ 2011ರಲ್ಲಿ ಅಲ್ಲಿ ಅಭಯಾರಣ್ಯವಾಯಿತು.

ಕಡೆಗೆ ಹರಿಹರದ ಬಳಿಯ ದೀಟೂರಿನಲ್ಲಿ ತುಂಗಭದ್ರೆಯ ನೀರೆತ್ತಿ ಜಗಳೂರಿನ 57 ಕೆರೆಗಳಿಗೆ ಹಾಯಿಸುವ ಯೋಜನೆಯಾಯಿತು. ಕೊಳವೆಯ ನೀರು ಕೆಲವು ಕೆರೆಗಳನ್ನು ಮುಟ್ಟಿಯೂ ಇದೆ. ಅಂಥದೊಂದು ಕೆರೆಯ ಏರಿಯ ಮೇಲೆ ಮುದುಕರೊಬ್ಬರು ಕೂತಿದ್ದರು. "ಅಂತೂ ಬಂತಲ್ಲ, ಯಜಮಾನರೆ" ಎಂದೆ. ಅವರು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಎತ್ತು ಈದೈತೆ, ಸ್ವಾಮಿ. ಕಟ್ಟಾಕೆ ಕೊಟ್ಟಿಗೆ ನೋಡ್ತಾ ಇದೀನಿ" ಎಂದರು.